ಮೂರನೇ ಸಲ ಬಿದ್ದ ದೋಣಿ

ದೋಣಿ ಶೆಡ್ಡು,
ಜೂನ್ ೪, ಮಂಗಳವಾರ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಉರಿ ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೊಳ್ಳಿ, ಅಕ್ಕನ ಮನೆಯಲ್ಲಿರುವಷ್ಟು ದಿನ ಅವಳ ಮೇಲೆ ರೇಗಬೇಡಿ. ಈ ಕಾಗದವನ್ನೂ ಅವಳ ಕೈಲೇ ಓದಿಸಿಕೊಳ್ಳಿ. ಅಕ್ಕಾ, ನಡುವೆ ನಿನ್ನ ಒಗ್ಗರಣೆ ಹಾಕಬೇಡ.

ನಾನು ಪ್ಲಾಸ್ಟಿಕ್ ದೋಣಿಯ ನಕ್ಷೆ ಹಾಕುವ ಕೆಲಸಕ್ಕೆ ಸೇರಿದಾಗ, ಜೀವಮಾನವೆಲ್ಲ ಮರದ ದೋಣಿ ಕಟ್ಟಿದ ನೀವು, "ಬಕೆಟ್ ಮಾಡೋಕೆ ಹೋಗ್ತಿದ್ದೀಯಾ, ಹಿಡಿ ಹಾಕೋದು ಮರೀಬೇಡ" ಅಂದಿದ್ದಿರಿ. ಆ ಮಾತು ಇನ್ನೂ ಚುಚ್ಚುತ್ತದೆ. ಈಗ ಬಕೆಟ್ಟಿನ ಸಮಾಚಾರ ಕೇಳಿ. ಹೊಳೆ ದಾಟಿ ಶಾಲೆಗೆ ಹೋಗುವ ಎಂಟು ಮಕ್ಕಳಿಗೆಂದು ಮೊದಲ ದೋಣಿ ಅಚ್ಚಿನಿಂದ ಹೊರಬಂತು. ಮಕ್ಕಳು, ಅಂಬಿಗ, ಪುಸ್ತಕದ ಚೀಲ ಎಲ್ಲ ಸೇರಿಸಿ ಅಷ್ಟೇ ತೂಕದ ಮರಳುಮೂಟೆ ತುಂಬಿಸಿದೆ. ಎರಡು ತುದಿಗೂ ಆಸರೆ ಕೊಟ್ಟು, ತಳದಡಿ ದಾರ ಎಳೆದು ಅಳೆದರೆ ಬಾಗಿದ್ದು ಅರ್ಧ ಬೆರಳು, ಲೆಕ್ಕದಲ್ಲಿ ಬಂದಷ್ಟೇ! ಉಬ್ಬಿಹೋದೆ. ಆಮೇಲೆ, ಅಲೆಯ ಹೊಡೆತ ತಡೆಯುತ್ತದೋ ನೋಡಲು, ಮೂಟೆ ಸಮೇತ ಆಳೆತ್ತರದಿಂದ ನೀರಿಗೆ ಬೀಳಿಸುವ ಪರೀಕ್ಷೆ. ಎರಡು ಸಲ ಏನೂ ಆಗಲಿಲ್ಲ. ಮಾಲೀಕರು "ಸಾಕು, ದೋಣಿ ಪಾಸು ಅಂತ ಸಹಿ ಹಾಕಮ್ಮ" ಅಂದರು. ಹಠ ಹಿಡಿದು ಮೂರನೇ ಸಲ ಬೀಳಿಸಿದೆ. ಒಳಗೆ ಇಣುಕಿದರೆ ಕೂದಲೆಳೆಯಷ್ಟು ಬಿರುಕು.

ತಪ್ಪು ನನ್ನದೇ. ತಳ ಗಟ್ಟಿಯಾಗಲೆಂದು ಒಳಗೆ ದಪ್ಪ ಪಟ್ಟಿ ಕೊಟ್ಟು, ಅದನ್ನು ನಡುದಾರಿಯಲ್ಲಿ ಗಕ್ಕನೆ ನಿಲ್ಲಿಸಿದ್ದೆ. ತಳವೆಲ್ಲ ಬಾಗುತ್ತದೆ, ಪಟ್ಟಿ ಬಾಗುವುದಿಲ್ಲ. ಸೀಳಿದ್ದು ಸರಿಯಾಗಿ ಅದರ ತುದಿಯಲ್ಲೇ. ನೀವು ಒಂದೊಂದು ಪಟ್ಟಿಯ ತುದಿಯನ್ನೂ ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತಾ, "ಗಟ್ಟಿ ಇರೋದು ಮೆತ್ತಗೆ ಮುಗೀಬೇಕು ಮಗಳೇ" ಅನ್ನುತ್ತಿದ್ದಿರಿ. ಅದೆಲ್ಲ ಚಂದಕ್ಕೆ ಅಂದುಕೊಂಡಿದ್ದೆ, ದಡ್ಡಿ ನಾನು.

ಮಾಲೀಕರದು ಒಂದೇ ಮಾತು: "ಬೆಸುಗೆ ಹಾಕಿ ಬಣ್ಣ ಬಳಿದರೆ ಯಾರು ಬಗ್ಗಿ ನೋಡ್ತಾರೆ? ಸೋಮವಾರ ಶಾಲೆ ಶುರು." ನಾನು ಸಹಿ ಹಾಕದಿದ್ದರೆ ಹಾಕುವವರು ಬೇರೆ ಇದ್ದಾರಂತೆ. ಕೆಲಸ ಹೋದರೆ ಹೋಗಲಿ ಅಪ್ಪಾ, ಆ ಮಕ್ಕಳನ್ನು ಅದರಲ್ಲಿ ಕೂರಿಸಲಾರೆ. ಇನ್ನಷ್ಟು ದಿನ ಸೇತುವೆ ಸುತ್ತಿಯೇ ಹೋಗಲಿ. ಎರಡನೇ ದೋಣಿಗೆ ಪಟ್ಟಿಯ ತುದಿಯನ್ನು ನಿಮ್ಮ ಹಾಗೆಯೇ ಇಳಿಸಿ ನಕ್ಷೆ ಬರೆದಿದ್ದೇನೆ. ಅದನ್ನು ಮೂರಲ್ಲ, ಆರು ಸಲ ಬೀಳಿಸುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸಿ. ಬಿಸಿಲಿಗೆ ಹೊರಟರೆ ಕಪ್ಪು ಕನ್ನಡಕ ಮರೆಯಬೇಡಿ.

ನಿಮ್ಮ ಆಶೀರ್ವಾದ ಬೇಡುವ
ಬಕೆಟ್ ಮಗಳು

ಅವಸರದಲ್ಲಿ ಇನ್ನೊಂದು ಮಾತು: ಮಧ್ಯಾಹ್ನ ಕಾಗದ ಮಡಿಸುವಷ್ಟರಲ್ಲಿ ಬಣ್ಣದ ಡಬ್ಬಿ ಬಂದೇಬಿಟ್ಟಿತು. ಮನೆಗೆ ಓಡಿ, ನಿಮ್ಮನ್ನು ಕೇಳದೆ ನಿಮ್ಮ ದೊಡ್ಡ ಗರಗಸ ತಂದೆ. ಇನ್ನು ಯಾರೂ ಸಹಿ ಹಾಕಲಾಗದ ಹಾಗೆ ಆ ಮೊದಲ ದೋಣಿಯನ್ನು ನಡುವೆ ಎರಡು ತುಂಡು ಮಾಡಿದ್ದೇನೆ. ಮಾಲೀಕರು ಬಾಗಿಲಲ್ಲಿ ಕೂಗುತ್ತಿದ್ದಾರೆ, ಹೋಗಬೇಕು. ಗರಗಸದ ಹಲ್ಲಿಗೆಲ್ಲ ಪ್ಲಾಸ್ಟಿಕ್ ಮೆತ್ತಿಕೊಂಡಿದೆ, ಕ್ಷಮಿಸಿ. ಬಕೆಟ್ ಅಂದಿರಲ್ಲ ಅಪ್ಪಾ, ಕೊಯ್ಯಲು ಪೂರಾ ಒಂದು ಗಂಟೆ ಹಿಡಿಯಿತು.