ಕಾವ್ಯ ಹಾಕಿದ ಸಹಿ

ಕಾಪು
೨ ಫೆಬ್ರವರಿ ೨೦೨೫

ಪ್ರೀತಿಯ ಗುಣವತಿ ಅಕ್ಕನಿಗೆ,

ಸುಂದರನ ನಮಸ್ಕಾರ. ಮೂರು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಥಾಣೆಯಲ್ಲಿ ಕುಳಿತು ನೀನು ನಿದ್ದೆಗೆಡುವುದು ಬೇಡವೆಂದು ತಂಗಿ ಸರಸನ ಬಾಯಿಯನ್ನೂ ಕಟ್ಟಿದ್ದೆ. ಈಗ ಹೇಳುವ ಹಾಗಾಯಿತು. ಅವಳ ಮೊಮ್ಮಗಳು ಮೋಕ್ಷಾ ಇವತ್ತು ಬೂತಾಯಿ ಮೀನಿನ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಮುಳ್ಳು ತೆಗೆದುಕೊಡಲು ಹೋದರೆ, "ನನಗೆ ಬರ್ತದೆ ಅಜ್ಜ, ನೀವು ನಿಮ್ಮದು ನೋಡಿಕೊಳ್ಳಿ" ಅಂದಳು. ಒಂದು ತಿಂಗಳು ಮೂಗಿನ ಟ್ಯೂಬಿನಲ್ಲಿ ಆಹಾರ ಇಳಿಸಿಕೊಂಡ ಮಗು ಅದು.

ಅಕ್ಟೋಬರಿನಲ್ಲಿ ಅವಳ ಕಣ್ಣು ಓರೆಯಾಯಿತು, ನಡಿಗೆ ತಪ್ಪಿತು, ನೀರು ಕುಡಿದರೆ ಕೆಮ್ಮು. ಸ್ಕ್ಯಾನಿನಲ್ಲಿ ಮೆದುಳಿನ ಕಾಂಡದಲ್ಲಿ ಗಡ್ಡೆ. ಉಡುಪಿಯ ಒಬ್ಬ ಡಾಕ್ಟರು ತಾಯಿ ಕಾವ್ಯಳನ್ನು ಬೆಂಚಿನಲ್ಲೇ ಬಿಟ್ಟು, ಗಂಡಸೆಂದು ನನ್ನನ್ನು ಒಳಗೆ ಕರೆದರು. ಅದು ಕೈ ಹಾಕುವ ಜಾಗವಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಯಾವ ಬಗೆಯ ಗಡ್ಡೆ ಎಂದು ಕೇಳಿದೆ. ನಿಮಗೆಂತಕ್ಕೆ ಅದೆಲ್ಲ ಎಂದರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಮೈಯೆಲ್ಲ ಉರಿಯಿತು. ಮೂವತ್ತನಾಲ್ಕು ವರ್ಷದ ಹಿಂದಿನ ಇನ್ನೊಂದು ಬೆಂಚೂ ನೆನಪಾಯಿತು.

ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಕಾವ್ಯಳ ಗಂಡ ವಿಕಾಸ್ ಕುವೈಟಿನಿಂದ ಫೋನಿನಲ್ಲಿ, ಮಾವ ಹೇಳಿದ ಹಾಗೆ ಆಗಲಿ ಎಂದ. ಕಾರ್ಕಳದಿಂದ ಬಂದಿದ್ದ ನಮ್ಮ ದೊಡ್ಡಪ್ಪನ ಮಗ ಹೂವಪ್ಪಣ್ಣ, ಸುಮ್ಮನೆ ಮಗುವಿನ ತಲೆ ಬಿಚ್ಚಿಸಬೇಡಿ, ಸೋದರಮಾವ ಸುಂದರ ಇದ್ದಾನಲ್ಲ, ಅವನು ಹೇಳಲಿ ಎಂದ. ನಮ್ಮಲ್ಲಿ ಸೋದರಮಾವ ಒಮ್ಮೆ ಹೇಳಿದರೆ ಮುಗಿಯಿತು, ನಿನಗೆ ಗೊತ್ತುಂಟು.

ನಾನು ಹೇಳಲಿಲ್ಲ ಅಕ್ಕ. "ಕಾವ್ಯಾ, ಹೆತ್ತವಳು ನೀನು. ಮಣಿಪಾಲಕ್ಕೆ ಹೋಗುವ, ಅಲ್ಲಿ ಕೇಳುವವಳೂ ನೀನೇ" ಎಂದೆ. ಹೂವಪ್ಪಣ್ಣ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಕಾವ್ಯ ಮೋಕ್ಷಾಳ ಕಾಪಿ ಪುಸ್ತಕದಲ್ಲಿ ಹನ್ನೊಂದು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಮಣಿಪಾಲದ ಡಾಕ್ಟರ್ ಶರೋನ್ ಒಂದಕ್ಕೂ ಬೇಸರಪಡಲಿಲ್ಲ. ಈ ಗಡ್ಡೆಗಳೆಲ್ಲ ಒಂದೇ ಬಗೆಯವಲ್ಲವಂತೆ. ಕಾಂಡದೊಳಗೇ ಹರಡಿಕೊಂಡದ್ದಾದರೆ ಕತ್ತಿ ಹಾಕುವುದಿಲ್ಲ, ಕಿರಣ ಚಿಕಿತ್ಸೆ ಕೊಟ್ಟು ಸ್ವಲ್ಪ ಕಾಲ ತಡೆಯಬಹುದು, ಅಷ್ಟೆ. ಇವಳದ್ದು ಹಿಂಬದಿಗೆ ಹೊರಚಾಚಿ, ನಿಧಾನ ಬೆಳೆಯುವ ಬಗೆಯ ಹಾಗೆ ಕಾಣುತ್ತದೆ, ಆದಷ್ಟು ತೆಗೆಯಬಹುದು ಎಂದರು. ನುಂಗುವುದು, ಉಸಿರಾಟ ಕೆಡುವ ಅಪಾಯವನ್ನೂ ಮುಚ್ಚಿಡಲಿಲ್ಲ. ಕಾವ್ಯ ಒಮ್ಮೆಯೂ ನನ್ನ ಮುಖ ನೋಡದೆ ಸಹಿ ಹಾಕಿದಳು.

ಏಳು ಗಂಟೆಯ ಆಪರೇಷನ್. ಪರೀಕ್ಷೆಯಲ್ಲಿ ನಿಧಾನ ಬೆಳೆಯುವ ಬಗೆಯದ್ದೇ ಎಂದು ಬಂತು. ಕಾಂಡಕ್ಕೆ ಅಂಟಿದ ಒಂದು ಚೂರು ಬಿಟ್ಟಿದ್ದಾರೆ. ಆಗಾಗ ಸ್ಕ್ಯಾನ್ ಮಾಡಿಸಬೇಕು, ಬೆಳೆದರೆ ಔಷಧಿ ಉಂಟು. ಕಣ್ಣು ಇನ್ನೂ ಸ್ವಲ್ಪ ಓರೆ. ಆದರೆ ಗೆದ್ದೆವು ಅಕ್ಕ. ಸೋಮವಾರದಿಂದ ಶಾಲೆ. ನಿನ್ನೆ ಹೂವಪ್ಪಣ್ಣ ಬಂದು, ಮಗು ಗುಣವಾಗ್ತದೆ ಅಂತ ನಾನು ಆಗಲೇ ಹೇಳಿದ್ದೆ ಅಲ್ವಾ ಎಂದ. ಸರಸ ಅವನಿಗೆ ಅರ್ಧ ಲೋಟ ಚಹಾ ಮಾತ್ರ ಕೊಟ್ಟಳು.

ಮೋಕ್ಷಾಳಿಗೆ ನಿನ್ನ ಆಶೀರ್ವಾದವಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಸುಂದರ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ೧೯೯೧ರಲ್ಲಿ ನಿನ್ನ ಮಗ ಪ್ರವೀಣನಿಗೆ ಇದೇ ಜಾಗದಲ್ಲಿ ಗಡ್ಡೆ ಎಂದಾಗ ನೀನು ಹೊರಗೆ ಬೆಂಚಿನಲ್ಲಿದ್ದೆ. ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು. ಪ್ರಯೋಜನವಿಲ್ಲ ಎಂದು ಮಾವನಾದ ನಾನೇ ತೀರ್ಮಾನಿಸಿದೆ. ನಿನಗೆ ತೋರಿಸಲೇ ಇಲ್ಲ. ಹೋಗಿದ್ದರೆ ಉಳಿಯುತ್ತಿದ್ದನೇ ಎಂದು ಶರೋನ್ ಅವರಲ್ಲಿ ಕೇಳಿದೆ. ಹೇಳಲಾಗದು ಎಂದರು. ಆದರೆ ಕೇಳಬೇಕಾದವಳು ನೀನಾಗಿದ್ದೆ ಅಕ್ಕ. ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ.