ಹಾಳೆಯ ಹಿಂಬದಿ

ಜೂನ್ 3, ಮಂಗಳವಾರ

ನೆರೆದಿರುವ ಮಹಾಜನರೇ! ಮುಂದಿನ ಸಾಲಿನ ರಸಿಕರೇ, ಹಿಂದಿನ ಬೆಂಚಿನ ಗಲಾಟೆಯವರೇ, ಸದ್ದು ಮಾಡಬೇಡಿ! — ಯಾರೂ ಇಲ್ಲ. ನಾನು, ಈ ಡೈರಿ, ಗೋಡೆಯಾಚೆ ಹೆಂಡತಿ. "ಮೆಲ್ಲಗೆ ಬರೀರಿ, ನೀವು ಬರೆಯೋದೂ ಕೇಳಿಸುತ್ತೆ" ಅಂತಾಳೆ.

ಇಂದು ವಕೀಲರ ಸಂಘದ ಲೈಬ್ರರಿಯಲ್ಲಿ ಇ-ಫೈಲಿಂಗ್. ಲೈಬ್ರರಿಯಾಕೆ — ಸಂಘಕ್ಕೆಲ್ಲ ಕಪಾಟಮ್ಮ — ಸ್ಕ್ಯಾನರ್ ಮುಚ್ಚಳ ಎತ್ತಿ ಕೇಳಿದಳು, "ಸಾರ್, ಹಿಂಬದೀಲೂ ಏನೋ ಬರೆದಿದೆ. ಅದನ್ನೂ ಹಾಕ್ಲಾ?"

"ಬೇಡ! ಅದು ನನ್ನ ಕೊನೆಯ ಅಂಕ!"

ಕಾಗದ ಏಳು ವರ್ಷದ ಹುಡುಗಿಯದು. ನನ್ನ ಕಕ್ಷಿದಾರಳ, ಅಂದರೆ ಟೈಲರಮ್ಮನ ಮಗಳು. ಎಂಟು ತಿಂಗಳಿಂದ ಅಪ್ಪನ ಮನೆಯಲ್ಲಿ. ತಾಯಿಗೆ ಮುಖ ತೋರಿಸಲೂ ಅವನು ಬಿಟ್ಟಿಲ್ಲ. ತಾಯಿ ಕೇಳುತ್ತಿರುವುದು ವಾರಕ್ಕೊಂದು ದಿನ, ಭಾನುವಾರ, ಅಷ್ಟೇ.

ಮುಂಬದಿ ಅಪ್ಪ ಹೇಳಿ ಬರೆಸಿದ್ದು, ಇಂಕಿನಲ್ಲಿ: ‘ನಾನು ಚೆನ್ನಾಗಿದ್ದೇನೆ. ನೀನು ಬರುವುದು ಬೇಡ.’ ಹಿಂಬದಿ ಅವಳದೇ, ಪೆನ್ಸಿಲಿನಲ್ಲಿ: ‘ಅಮ್ಮಾ ನೀಲಿ ಫ್ರಾಕಿನ ಹೊಲಿಗೆ ಬಿಚ್ಚಿದೆ. ಬೇರೆಯವರ ಹತ್ರ ಹಾಕಿಸಲ್ಲ. ನೀನೇ ಬಾ.’ ಅಪ್ಪ ತಿರುಗಿಸಿ ನೋಡದೆ ಪೋಸ್ಟ್ ಮಾಡಿದ್ದಾನೆ!

ಗುರುವಾರ ಮೊದಲು ಮುಂಬದಿ ಓದುತ್ತೇನೆ. ಎಲ್ಲ ಸ್ತಬ್ಧ. ಆಮೇಲೆ — ‘ಮಗುಚಿ, ಮಹಾಸ್ವಾಮಿ!’ ಮೂವತ್ತೆಂಟು ವರ್ಷ ಹೀಗೇ ಗೆದ್ದವನು.

ಜೂನ್ 5, ಗುರುವಾರ

ಮಣ್ಣು ಮುಕ್ಕಿದೆ.

ವಿಚಾರಣೆ ವಿಡಿಯೋದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ಫೈಲ್ ಓದಿ ಮುಗಿಸಿದ್ದರು. "ವಕೀಲರೇ, ನೀವೇ ಹಾಕಿರೋ ಕಾಗದ ಇದು. ಮಗುನೇ ಬರಬೇಡ ಅಂದಿದೆಯಲ್ಲ?"

"ಮಗುಚಿ, ಮಹಾಸ್ವಾಮಿ!"

"ಏನನ್ನ ಮಗುಚಲಿ? ನನ್ನೆದುರು ಇರೋದು ಒಂದೇ ಪುಟ."

ಎದ್ದು ನಿಂತೆ. ಕೂತು ವಾದಿಸಿ ಗೊತ್ತಿಲ್ಲ. ಹಾಳೆ ಎತ್ತಿ ಹಿಡಿದೆ. ಪರದೆಯಲ್ಲಿ ಕಂಡದ್ದು ನನ್ನ ಹೊಟ್ಟೆ ಮಾತ್ರವಂತೆ. ಎದುರು ವಕೀಲ ನಗುತ್ತ, "ಆ ಬರಹ ಈ ವಾರ ಹುಟ್ಟಿರಬಹುದು" ಅಂದ.

ನ್ಯಾಯಾಧೀಶರು, "ಎರಡೂ ಬದಿ ಫೈಲ್ ಮಾಡಿ. ಅಸಲು ಕಚೇರಿಗೆ ಕೊಡಿ. ಹನ್ನೆರಡನೇ ತಾರೀಕು ಮಗುವನ್ನೇ ಕೇಳ್ತೀನಿ."

ಒಂದು ಭಾನುವಾರ ಹೋಯಿತು. ನನ್ನಿಂದ.

ಜೂನ್ 6

ಟೈಲರಮ್ಮನ ಅಂಗಡಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ.

"ತಪ್ಪು ನಂದಮ್ಮ. ನಾಟಕ ಆಡೋಕೆ ಹೋದೆ."

ಪೆಡಲ್ ಮೇಲಿನ ಕಾಲು ನಿಂತಿತು. ಆಮೇಲೆ, "ನಂಗೂ ಆಗಿದೆ ಸಾರ್. ಬಟ್ಟೆ ಮಡಚಿ, ಮೇಲಿನ ಪದರ ಒಂದೇ ನೋಡಿ ಕತ್ತರಿ ಹಾಕಿಬಿಟ್ಟಿದ್ದೀನಿ." ದಾರದ ಡಬ್ಬಿಯಿಂದ ನೀಲಿ ಉಂಡೆ ತೆಗೆದು ತೋರಿಸಿದಳು. "ಇದು ಆ ಫ್ರಾಕಿಂದೇ. ಬೇರೆ ಬಟ್ಟೆಗೆ ಮುಟ್ಟಿಸಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಪಾಟಮ್ಮ, "ಎರಡೂ ಬದಿ ತಾನೇ, ಸಾರ್?"

"ಮೂರು ಬದಿ ಇದ್ರೆ ಮೂರೂ ಹಾಕಮ್ಮಾ!"

ಜೂನ್ 8, ಭಾನುವಾರ

ಟೈಲರಮ್ಮನ ರಸ್ತೆಯಲ್ಲೇ ಹಾದು ಬಂದೆ. ಅಂಗಡಿ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮಷಿನ್ ಸದ್ದು...

ಜೂನ್ 12, ಗುರುವಾರ

ಹೆಂಡತಿ ಲ್ಯಾಪ್‌ಟಾಪ್ ಕೆಳಗೆ ನನ್ನ ನಾಲ್ಕು ದಪ್ಪ ತೀರ್ಪಿನ ಪುಸ್ತಕ ಪೇರಿಸಿದಳು — ನಿಂತರೂ ಮುಖ ಕಾಣಲಿ ಅಂತ. ಅವುಗಳಲ್ಲಿರುವುದೆಲ್ಲ ಈಗ ಸಂಘದ ವೆಬ್‌ಸೈಟಿನಲ್ಲಿದೆ. "ಇಷ್ಟು ವರ್ಷ ಧೂಳು ಒರೆಸಿದ್ದಕ್ಕೆ ಇವತ್ತು ಕೆಲಸಕ್ಕೆ ಬಂದ್ವು ನೋಡಿ."

ಟೈಲರಮ್ಮ ನಮ್ಮ ಊಟದ ಮೇಜಿಗೇ ಬಂದು ಕೂತಳು. ಮುಷ್ಟಿಯಲ್ಲಿ ನೀಲಿ ಉಂಡೆ.

ನ್ಯಾಯಾಧೀಶರು ನಮ್ಮೆಲ್ಲರನ್ನೂ ಪರದೆಯಿಂದ ಆಚೆ ಕಳಿಸಿ ಮಗುವಿನೊಂದಿಗೇ ಮಾತಾಡಿದರು. ಹನ್ನೆರಡು ನಿಮಿಷ. ಖಾಲಿ ಪರದೆ. ನಾನು ತುಟಿ ಬಿಚ್ಚಲಿಲ್ಲ. ಹೆಂಡತಿ ಗಾಬರಿಯಾಗಿ ಅಡುಗೆಮನೆಯಿಂದ ಓಡಿ ಬಂದಳು. "ಯಾಕ್ರೀ, ಸದ್ದೇ ಇಲ್ಲ? ಹುಷಾರಾಗಿದ್ದೀರಾ?"

ಪರದೆ ತೆರೆಯಿತು.

"ಮಗು ಪೆನ್ಸಿಲ್ ತಂದು ತೋರಿಸ್ತು. ಆಮೇಲೆ ಫ್ರಾಕನ್ನೂ. ಇನ್ನೂ ವಾದ ಇದೆಯಾ, ವಕೀಲರೇ?"

"ಇಲ್ಲ, ಮಹಾಸ್ವಾಮಿ."

ಹುಟ್ಟಿದ ಮೇಲೆ ಮೊದಲ ಸಲ.

ಪ್ರತಿ ಭಾನುವಾರ, ಹತ್ತರಿಂದ ಐದು. ಅಪ್ಪ ಕರೆತಂದು ಬಿಡಬೇಕಾದದ್ದು ವಕೀಲರ ಸಂಘದ ಲೈಬ್ರರಿಯಲ್ಲಿ. ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಂಡತಿ ಅವಳ ಬೆನ್ನು ಸವರುತ್ತ, ನನ್ನ ಕಡೆ ನೋಡಿ, ಮಾತಾಡಬೇಡಿ ಅಂತ ಬೆರಳು ತೋರಿಸಿದಳು.

ಜೂನ್ 14, ಶನಿವಾರ, ಸಂಜೆ 6

ಆದೇಶದ ಪ್ರತಿ ಡೌನ್‌ಲೋಡ್ ಆಯಿತು. ನಾನೇ ಮಾಡಿದೆ! ಕಪಾಟಮ್ಮ ಲೈಬ್ರರಿ ಬೀಗದ ಕೈ ಕೊಟ್ಟಳು. ಹೆಂಡತಿಯ ಎಚ್ಚರಿಕೆ: "ಆ ಗಂಟಲು ತೆಗೀಬೇಡಿ. ಮಗು ಬಂದ ದಾರೀಲೇ ಓಡಿಬಿಡುತ್ತೆ." ಅಂಗಳದಲ್ಲಿ ರಿಹರ್ಸಲ್ ಮಾಡಿದೆ. ಪಿಸುದನಿಯಲ್ಲಿ, ‘ಬಾ ಪುಟ್ಟಾ.’ ಮೂರನೇ ಮನೆಯ ನಾಯಿ ಬೊಗಳಿತು.

ಹಾಗಾದರೆ ಮಾತೇ ಬೇಡ.

ನಾಳೆ ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಬಾಗಿಲು ತೆಗೆಯುತ್ತೇನೆ. ಕಿಟಕಿ ಪಕ್ಕ ಎರಡು ಕುರ್ಚಿ ಹಾಕುತ್ತೇನೆ — ಸೂಜಿಗೆ ದಾರ ಪೋಣಿಸಲು ಬೆಳಕು ಬೇಕಲ್ಲ. ಆಮೇಲೆ ಹೊರಗೆ ಬಂದು, ಬಾಗಿಲು ಮೆಲ್ಲಗೆ ಎಳೆದುಕೊಂಡು, ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತೇನೆ.