ತುರ್ತು ಕರೆಯ ಫೋನು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೈಯಲ್ಲಿ ಬರೆದರೆ ನೀವು ಇನ್ನೊಬ್ಬರ ಹತ್ತಿರ ಓದಿಸಬೇಕಾಗುತ್ತದೆ. ಇದು ನಮ್ಮಿಬ್ಬರ ಮಾತು. ಅದಕ್ಕೇ ಟೈಪ್ ಮಾಡಿದ್ದೇನೆ, ನಿಮ್ಮ ಮೊಬೈಲೇ ಓದಿ ಹೇಳಲಿ. ಮೂರು ತಿಂಗಳ ಮಗಳು ತೊಡೆಯ ಮೇಲಿದ್ದಾಳೆ, ಒಂದೇ ಕೈಯಲ್ಲಿ ಒತ್ತುತ್ತಿದ್ದೇನೆ. ನಿದ್ದೆಗೆಟ್ಟು ತಲೆ ಗಿರ್ರೆನ್ನುತ್ತಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಸ್ಪತ್ರೆಯ ನಮ್ಮ ಫೋನ್ ಕೋಣೆ ನೆನಪಾಗುತ್ತಿದೆ. ನೂರಾ ನಲವತ್ತು ನಂಬರೂ ನಿಮಗೆ ಬಾಯಿಪಾಠ. ಕಣ್ಣಿದ್ದ ನಾನು ಪಟ್ಟಿ ಹುಡುಕುವಷ್ಟರಲ್ಲಿ ನೀವು ಕರೆ ಸೇರಿಸಿಯೇ ಬಿಡುತ್ತಿದ್ದಿರಿ. ದೊಡ್ಡ ಡಾಕ್ಟರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ ಸದ್ದು ಕೇಳಿದರೆ, ಇವತ್ತು ಮನೆಯಲ್ಲಿ ಜಗಳವಾಗಿದೆ, ಯಾರೂ ಅವರ ತಂಟೆಗೆ ಹೋಗಬೇಡಿ ಅನ್ನುತ್ತಿದ್ದಿರಿ. ಒಂದು ದಿನವೂ ಸುಳ್ಳಾಗಲಿಲ್ಲ.

ಆದರೂ ನಾನು ಮೇಲ್ವಿಚಾರಕಿಯಾದ ವಾರವೇ ತುರ್ತು ಕರೆಯ ಫೋನನ್ನು ನಿಮ್ಮ ಮೇಜಿನಿಂದ ನನ್ನ ಮೇಜಿಗೆ ಎತ್ತಿಟ್ಟೆ. ಪಾಪ, ಅಕ್ಕನಿಗೆ ಯಾಕೆ ಒತ್ತಡ ಅಂತ. ನೀವು ಖಾಲಿ ಜಾಗ ತಡವಿ, "ನನಗಿಲ್ಲದ್ದು ಕಣ್ಣು ಕಣಮ್ಮಾ, ಕಿವಿಯಲ್ಲ" ಅಂದಿರಿ. ನಿಮ್ಮ ಒಳ್ಳೆಯದಕ್ಕೇ ಅಂದೆ ನಾನು. ಮತ್ತೆ ನೀವು ಕೇಳಲಿಲ್ಲ.

ವರ್ಷದ ಕೊನೆಗೆ ಯಾರು ಎಷ್ಟು ತುರ್ತು ಕರೆ ನೋಡಿದರು ಅಂತ ಲೆಕ್ಕ ತೆಗೆದಾಗ ನಿಮ್ಮ ಹೆಸರಿನ ಮುಂದೆ ಸೊನ್ನೆ. ಆಡಳಿತಾಧಿಕಾರಿ ಅದೇನು ಬರೆದುಕೊಂಡರೋ, ನಿಮ್ಮನ್ನು ಉಗ್ರಾಣದಲ್ಲಿ ಹತ್ತಿಯ ಪೊಟ್ಟಣ ಕಟ್ಟಲು ಕೂರಿಸಿದರು. ಮೂರೇ ವಾರಕ್ಕೆ ಕೆಲಸ ಬಿಟ್ಟಿರಿ. ಆ ದಿನ ಬೀಳ್ಕೊಡಲೆಂದು ಬಾಗಿಲವರೆಗೂ ಬಂದವಳು ಸದ್ದು ಮಾಡದೆ ನಿಂತುಬಿಟ್ಟೆ. ನೀವು ನನ್ನ ಕಡೆಗೇ ತಿರುಗಿ, ಒಂದು ಗಳಿಗೆ ಕಾದು, ಹೊರಟುಹೋದಿರಿ.

ನಿನ್ನೆ ಅದೇ ಅಧಿಕಾರಿಗೆ ಫೋನ್ ಮಾಡಿ, ಬರುವ ತಿಂಗಳು ಕೆಲಸಕ್ಕೆ ಬರುತ್ತೇನೆ ಅಂದೆ. ಅವಸರವೇನಿಲ್ಲಮ್ಮಾ, ಹಸುಗೂಸಿನ ತಾಯಿ, ತುರ್ತು ಕರೆಗಳನ್ನು ಬೇರೆಯವರಿಗೆ ವಹಿಸಿದ್ದೇವೆ, ನಿನ್ನ ಒಳ್ಳೆಯದಕ್ಕೇ ಅಂದರು. ಆ ಮಾತು ಎಷ್ಟು ಮೆತ್ತಗೆ ಕತ್ತು ಹಿಸುಕುತ್ತದೆ ಅಂತ ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ನಿಮ್ಮ ಜಾಗಕ್ಕೆ ಮತ್ತೆ ಅರ್ಜಿ ಕರೆದಿದ್ದಾರೆ. ಬೇಡ ಅನ್ನಬೇಡಿ, ಹಾಕಿ.

ಇಂತಿ,
ನಿಮ್ಮ ಪಕ್ಕದ ಮೇಜಿನವಳು

ತಾ.ಕ.: ಅಧಿಕಾರಿ ಅದೇನು ಬರೆದುಕೊಂಡರೋ ಅಂದೆನಲ್ಲ, ಅದು ಸುಳ್ಳು. "ತುರ್ತು ಕರೆ ಇವರಿಂದಾಗದು" ಅಂತ ಬರೆದು ಸಹಿ ಹಾಕಿದವಳು ನಾನೇ. ಆ ಹಾಳೆ ಇನ್ನೂ ನಿಮ್ಮ ಕಡತದಲ್ಲಿದೆ. ಅದು ಹಾಗೇ ಇದ್ದರೆ ನೀವು ಅರ್ಜಿ ಹಾಕಿಯೂ ವ್ಯರ್ಥ. ಇವತ್ತು ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಹೋಗಿ, ಫೋನ್ ಕಿತ್ತುಕೊಂಡವಳೂ ನಾನೇ, ಆಗದು ಅಂತ ಬರೆದವಳೂ ನಾನೇ ಎಂದು ಬರೆದುಕೊಟ್ಟು ಬಂದೆ. ನನ್ನ ಕೆಲಸ ಏನಾಗುತ್ತದೋ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿದರೆ ನೀವು ಅಲ್ಲಿಗೇ ಮೊಬೈಲ್ ನಿಲ್ಲಿಸಿಬಿಡುತ್ತೀರಿ ಅಂತ ಹೆದರಿ, ಕೊನೆಗೆ ಇಟ್ಟೆ.